ಲಿವರಿನೊಳಗಿನ ಅಂಟು

ನಮ್ಮ ಕಡೆ ಯಾರಿಗಾದರೂ ಲಿವರ್ ಕೆಟ್ಟಿದೆ ಎಂದು ಗೊತ್ತಾದರೆ, ಯಾಕೆ ಕೆಟ್ಟಿತು ಎಂದು ಯಾರೂ ಕೇಳುವುದಿಲ್ಲ. ಉತ್ತರವನ್ನು ಅವರವರೇ ತಂದಿರುತ್ತಾರೆ. ಹಣ್ಣಿನ ಚೀಲ ಕೆಳಗಿಟ್ಟು, ಮಂಚದ ತುದಿಯಲ್ಲಿ ಕೂತು, ದನಿ ತಗ್ಗಿಸಿ, "ಇನ್ನಾದ್ರೂ ಬಿಟ್ಬಿಡು ಕೆಂಪಣ್ಣ" ಎನ್ನುತ್ತಾರೆ. ಏನನ್ನು ಬಿಡಲಿ ಎಂದು ಕೇಳಿದರೆ ನಗುತ್ತಾರೆ. ನಾನು ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಂಬದವರು ಓದುವುದನ್ನು ಇಲ್ಲಿಗೇ ನಿಲ್ಲಿಸಿದರೂ ನನಗೆ ಬೇಜಾರಿಲ್ಲ, ಅಭ್ಯಾಸವಾಗಿದೆ.

ನಾನು ಬಾಡೂಟದ ಅಡುಗೆಯವನು. ಬೂದಿಗೆರೆ ಸುತ್ತಮುತ್ತ, ಆ ಕಡೆ ದೇವನಹಳ್ಳಿ, ಈ ಕಡೆ ಹೊಸಕೋಟೆ, ಎಲ್ಲಿ ಬೀಗರೂಟ ನಡೆದರೂ ನನ್ನ ಕೈಯಡುಗೆ ಉಂಡವರು ಒಬ್ಬರಾದರೂ ಸಿಗುತ್ತಾರೆ. ಸೋದರಮಾವನಿಂದ ಕಲಿತ ಕೆಲಸ. ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲಿ ಈರುಳ್ಳಿ ಹೆಚ್ಚಲು ಕರೆದುಕೊಂಡು ಹೋದ, ಆಮೇಲೆ ನಾನು ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಕುಡಿಯಬಾರದು ಎಂದು ಕಲಿಸಿದವನೂ ಅವನೇ. ಅದರಲ್ಲಿ ದೊಡ್ಡ ಧರ್ಮವೇನೂ ಇರಲಿಲ್ಲ. ಕುಡಿದರೆ ನಾಲಿಗೆಗೆ ಉಪ್ಪು ಹತ್ತುವುದಿಲ್ಲ, ಉಪ್ಪು ಹತ್ತದವನನ್ನು ಯಾರೂ ಅಡುಗೆಗೆ ಕರೆಯುವುದಿಲ್ಲ, ಅಷ್ಟೇ.

ಆದರೆ ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಒಲೆ ಹಚ್ಚುವ ಮೊದಲು ಮನೆಯ ಯಜಮಾನ ಅಡುಗೆಯವನಿಗೆ ಎಲೆ ಅಡಿಕೆ ಕೊಟ್ಟು, ಒಲೆಯ ಪಕ್ಕ ಒಂದು ಬಾಟಲಿ ಇಡುತ್ತಾನೆ. ಬೇಡ ಎನ್ನುವ ಹಾಗಿಲ್ಲ. ಬೇಡ ಎಂದರೆ ಅಡುಗೆಯವನಿಗೆ ಏನೋ ಮುನಿಸು, ಇವತ್ತು ಸಾರು ಕೆಟ್ಟ ಹಾಗೇ ಎಂದು ಮನೆಯವರು ಕಂಗಾಲಾಗುತ್ತಾರೆ. ನಾನು ಬಾಟಲಿ ತೆಗೆದುಕೊಂಡು, ಒಂದು ಮುಚ್ಚಳ ಬೆಂಕಿಗೆ ಚಿಮುಕಿಸಿ, ಉಳಿದದ್ದನ್ನು ನನ್ನ ಕೈಯಾಳುಗಳಿಗೆ ಕೊಟ್ಟುಬಿಡುತ್ತಿದ್ದೆ. ನೋಡಿದವರಿಗೆಲ್ಲ ಬಾಟಲಿ ಕೆಂಪಣ್ಣನ ಕೈಗೆ ಹೋದದ್ದು ಮಾತ್ರ ಕಾಣುತ್ತಿತ್ತು. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಯಿತು ಎಂದು ನೋಡಲು ಯಾರಿಗೂ ಪುರುಸೊತ್ತಿರುತ್ತಿರಲಿಲ್ಲ.

ಕಾಯಿಲೆ ಸದ್ದಿಲ್ಲದೆ ಬಂತು. ಒಂದೆರಡು ವರ್ಷದಿಂದ ಸುಸ್ತು ಇತ್ತು. ಹಂಡೆ ಇಳಿಸುವಾಗ ಉಸಿರು ಸಾಲುತ್ತಿರಲಿಲ್ಲ. ವಯಸ್ಸಾಯಿತು, ಹೊಟ್ಟೆ ಬಂತು, ಸಕ್ಕರೆ ಕಾಯಿಲೆಯೂ ಇದೆ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ. ಬಲಪಕ್ಕೆಯ ಕೆಳಗೆ ಏನೋ ಭಾರ ಕೂತ ಹಾಗೆ ಆಗತೊಡಗಿದ ಮೇಲೆ ದೇವನಹಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದೆ. ಲಿವರಿನಲ್ಲಿ ಕೊಬ್ಬು ತುಂಬಿದೆ, ಜೊತೆಗೆ ಒರಟಾಗಿಯೂ ಕಾಣುತ್ತಿದೆ, ತಡ ಮಾಡಬೇಡಿ ಎಂದು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು.

ಅಲ್ಲಿಯ ಲಿವರ್ ಡಾಕ್ಟರು ಸಮಾಧಾನದ ಮನುಷ್ಯ. ನನ್ನ ಪಕ್ಕದಲ್ಲಿ ಹೆಂಡತಿ ಗೌರಮ್ಮ ಕೂತಿದ್ದಳು. ಡಾಕ್ಟರು ಸ್ಕ್ಯಾನ್ ನೋಡಿ, "ಎಷ್ಟು ವರ್ಷದಿಂದ ಕುಡೀತಿದ್ದೀರಾ?" ಎಂದರು.

"ಕುಡಿಯಲ್ಲ ಡಾಕ್ಟ್ರೇ."

"ಯಾವಾಗಾದ್ರೂ ಒಂದೊಂದ್ಸಲ?"

"ಒಂದ್ಸಲಾನೂ ಇಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ಗೌರಮ್ಮನ ಕಡೆ ತಿರುಗಿ, "ಹೌದೇನಮ್ಮಾ?" ಎಂದು ಕೇಳಿದರು. ಅವಳು ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಡಾಕ್ಟರು ಚೀಟಿಯಲ್ಲಿ ಏನೋ ಬರೆದುಕೊಂಡರು.

ಲಿವರಿನಲ್ಲಿ ಗಾಯದ ಕಲೆ ಕಟ್ಟುತ್ತಿದೆ, ಕಲೆ ಹೆಚ್ಚುತ್ತ ಹೋದರೆ ಲಿವರ್ ಗಟ್ಟಿಯಾಗುತ್ತದೆ, ಕೊನೆಯ ಹಂತ ಮುಟ್ಟಿದ್ದರೆ ಹಿಂದಕ್ಕೆ ತರುವುದು ಕಷ್ಟ, ಮುಟ್ಟಿಲ್ಲವಾದರೆ ದಾರಿ ಇದೆ, ಎಲ್ಲಿಗೆ ಬಂದಿದೆ ಎಂದು ಅಳೆಯಬೇಕು. ಇಷ್ಟನ್ನೂ ಅವರು ಬಿಡಿಸಿ ಹೇಳಿದರು. ನಾನು ಹೂಂಗುಟ್ಟಿದೆ. ನಿಜ ಹೇಳಬೇಕೆಂದರೆ ನನ್ನ ಕಿವಿಯಲ್ಲಿ ಗೌರಮ್ಮ ಆಡದೆ ಬಿಟ್ಟ ಮಾತೇ ಇತ್ತು. ಊರವರು ನಂಬದಿದ್ದರೆ ನಕ್ಕು ಸುಮ್ಮನಾಗಬಹುದು. ಒಂದೇ ಸೂರಿನಡಿ ಬಾಳಿದವಳೂ ನಂಬಿಲ್ಲ ಎಂದರೆ ನಾನು ಯಾರ ಹತ್ತಿರ ಹೋಗಿ ಹೇಳಲಿ? ಅವತ್ತು ಬಹಳ ನೋವಾಯಿತು, ಸಿಟ್ಟೂ ಬಂತು. ಆದರೆ ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅವಳು ಏನು ಹೇಳಿಬಿಡುತ್ತಾಳೋ ಎಂಬ ಹೆದರಿಕೆ.

ಮೊದಲು ಪಕ್ಕೆಗೆ ಒತ್ತಿ ಹಿಡಿದು ಟಪ್ ಟಪ್ ಎಂದು ತಟ್ಟುವ ಒಂದು ಯಂತ್ರದಿಂದ ಅಳೆಯಲು ನೋಡಿದರು. ಲಿವರ್ ಎಷ್ಟು ಗಟ್ಟಿ ಎಂದು ಅದು ಹೇಳುತ್ತದಂತೆ. ತಟ್ಟಿದ್ದೇ ತಟ್ಟಿದ್ದು, ಒಂದು ಸಲ ಒಂದು ಲೆಕ್ಕ, ಇನ್ನೊಂದು ಸಲ ಇನ್ನೊಂದು. ಕೊನೆಗೆ ಯಂತ್ರದವನು ಸಂಕೋಚದಿಂದ, "ಹೊಟ್ಟೆ ಅಡ್ಡ ಬರ್ತಿದೆ ಸರ್, ಒಳಗಿಂದು ಸರಿಯಾಗಿ ಸಿಗ್ತಿಲ್ಲ" ಎಂದ. ಸಾವಿರಾರು ಹಂಡೆ ಬಾಡಿನ ಫಲ ಅದು, ಅಷ್ಟು ಸುಲಭವಾಗಿ ದಾರಿ ಬಿಡುತ್ತದೆಯೇ ಎಂದೆ. ಅವನಿಗೆ ನಗು ಬಂತು. ಡಾಕ್ಟರಿಗೆ ಬರಲಿಲ್ಲ. ಹಾಗಾದರೆ ಸೂಜಿ ಹಾಕಿ ಲಿವರಿನ ಚೂರು ತೆಗೆದೇ ನೋಡಬೇಕು ಎಂದರು.

ಅದಕ್ಕೆ ದಿನ ಸಿಗುವ ತನಕ ರಕ್ತ ಕೊಡಲು, ಚೀಟಿ ತೋರಿಸಲು ಎಂದು ಆಸ್ಪತ್ರೆಗೆ ಓಡಾಟ. ಕಾಯುವ ಸಾಲಿನಲ್ಲಿ ರಂಗಸ್ವಾಮಿ ಪರಿಚಯವಾದ. ಸೋಂಪುರದ ಫ್ಯಾಕ್ಟರಿಯಲ್ಲಿ ಕೆಲಸ. ಕಣ್ಣು ಅರಿಶಿನ, ಕಾಲು ಊದಿದ್ದವು, ಆದರೆ ಬಾಯಿ ಮಾತ್ರ ಆರೋಗ್ಯವಾಗಿತ್ತು. ಕೂತ ತಕ್ಷಣ, "ಯಾವ್ ಬ್ರ್ಯಾಂಡು ಗುರು?" ಎಂದು ಕೇಳಿದ.

"ನಾನು ಕುಡಿಯಲ್ಲ" ಎಂದೆ, ಮುಂದಿನ ನಗುವಿಗೆ ಸಿದ್ಧನಾಗಿ.

ಅವನು ನನ್ನನ್ನೇ ನೋಡಿದ. ಆಮೇಲೆ ನಿಜವಾದ ಮರುಕದಿಂದ, "ಅಯ್ಯೋ, ಕುಡೀದೇನೇ ಇಲ್ಲಿಗ್ ಬಂದ್ಬಿಟ್ಯಾ? ನಾನಾದ್ರೂ ಕುಡುದು ಬಂದೆ. ನಿಂದು ದೊಡ್ಡ ಅನ್ಯಾಯ ಕಣಪ್ಪಾ" ಎಂದ.

ನನ್ನನ್ನು ಮೊದಲು ನಂಬಿದವನು ಒಬ್ಬ ಕುಡುಕ. ಕುಡಿಯುವವರಿಗೆ ಕುಡಿಯದವರ ಗುರುತು ಸಿಗುತ್ತದೋ ಏನೋ. ಅಂದಿನಿಂದ ನಾನು ಹೋದ ದಿನ ಅವನಿದ್ದರೆ ಪಕ್ಕದ ಕುರ್ಚಿಯ ಮೇಲೆ ಟವಲು ಹಾಕಿ ನನಗೆ ಜಾಗ ಹಿಡಿದಿರುತ್ತಿದ್ದ. ಬಾಡೂಟದ ಅಡುಗೆಯವನು ಎಂದು ತಿಳಿದ ಮೇಲಂತೂ ಅವನಿಗೆ ತಡೆಯಿಲ್ಲ. ಬೋಟಿ ಗೊಜ್ಜಿಗೆ ಏನು ಹಾಕುತ್ತೀಯ, ಕೈಮಾ ಉಂಡೆ ಒಡೆಯದಂತೆ ಹೇಗೆ ಕಟ್ಟುತ್ತೀಯ ಎಂದು ಕೇಳಿಸಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದ. ಅವನಿಗೆ ಉಪ್ಪು, ಬಾಡು ಎರಡನ್ನೂ ನಿಲ್ಲಿಸಿದ್ದರು. ಸುತ್ತ ಕೂತಿದ್ದವರೂ ಕಿವಿ ಕೊಡುತ್ತಿದ್ದರು. ಆ ಹೊತ್ತಿನಲ್ಲಿ ಯಾರಿಗೂ ಕಾಯಿಲೆಯ ನೆನಪಿರುತ್ತಿರಲಿಲ್ಲ.

ನನ್ನ ಭಯ ಬೇರೆ ರೀತಿಯದು. ಕುರಿಮರಿಯ ಲಿವರನ್ನು ನಾನು ಎಷ್ಟು ಹೆಚ್ಚಿದ್ದೇನೋ ಲೆಕ್ಕವಿಲ್ಲ. ಹೆಬ್ಬೆರಳಿನಲ್ಲಿ ಒತ್ತಿದರೆ ಒಳ್ಳೆಯದು ಮೆತ್ತಗೆ ಒಳಗೆ ಹೋಗುತ್ತದೆ. ಕೆಲವು ಸಲ ಕೆಟ್ಟದ್ದು ಬರುತ್ತದೆ. ಮೇಲೆ ಬಿಳಿ ಬಿಳಿ ಎಳೆ, ಒತ್ತಿದರೆ ಬಗ್ಗುವುದಿಲ್ಲ, ಕತ್ತಿಗೆ ಗರಗರ ಎನ್ನುತ್ತದೆ. ಅದನ್ನು ಯೋಚನೆ ಮಾಡದೆ ಪಕ್ಕಕ್ಕೆ ಎಸೆಯುತ್ತಿದ್ದೆ. ಈಗ ಮಲಗಿದರೆ ಕೈ ತಾನಾಗಿ ಬಲಪಕ್ಕೆಯ ಮೇಲೆ ಹೋಗುತ್ತಿತ್ತು. ನನ್ನದು ಹೆಬ್ಬೆರಳಿಗೆ ಬಗ್ಗುವುದೋ, ಎಸೆಯುವುದೋ? ಆ ದಿನಗಳಲ್ಲಿ, ಮೊದಲೇ ಒಪ್ಪಿಕೊಂಡಿದ್ದ ಒಂದು ಬೀಗರೂಟದಲ್ಲಿ ಲಿವರ್ ಹೆಚ್ಚಲು ನನ್ನಿಂದ ಆಗಲಿಲ್ಲ, ಕೈಯಾಳಿಗೆ ಕೊಟ್ಟು ಆಚೆ ಹೋಗಿ ನಿಂತೆ.

ಸೂಜಿ ಹಾಕುವ ದಿನ ಬೆಳಿಗ್ಗೆ ಒಬ್ಬ ಹುಡುಗಿ ಬಂದಳು. ಡಾಕ್ಟರ್ ಓದು ಮುಗಿಸಿ ಅಲ್ಲೇ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದವಳು. ತೆಗೆದ ಚೂರಿನಲ್ಲಿ ಒಂದು ಭಾಗ ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಹೋಗುತ್ತದೆ, ನೀವು ಒಪ್ಪಿದರೆ ಇನ್ನೊಂದು ಸಣ್ಣ ಭಾಗ ನಮಗೆ ಕೊಡಿ ಎಂದು ಕೇಳಿದಳು. ಏನು ಮಾಡುತ್ತೀರಿ ಎಂದೆ.

"ಕಣ್ಣಲ್ಲಿ ನೋಡಿ ಅಂದಾಜು ಮಾಡೋ ಬದಲು ಕಲೆ ಎಷ್ಟಿದೆ ಅಂತ ರಾಸಾಯನಿಕವಾಗಿ ಅಳೀತೀವಿ ಅಂಕಲ್. ಚೂರನ್ನ ಆಸಿಡ್‌ನಲ್ಲಿ ಹಾಕಿ ರಾತ್ರಿಯೆಲ್ಲಾ ಬೇಯಿಸ್ತೀವಿ, ಪೂರ್ತಿ ಕರಗೋ ತನಕ. ಆಮೇಲೆ ಅದ್ರಲ್ಲಿ ಹೈಡ್ರಾಕ್ಸಿಪ್ರೋಲಿನ್ ಅನ್ನೋದು ಎಷ್ಟಿದೆ ನೋಡ್ತೀವಿ. ಅದು ಹೆಚ್ಚಾಗಿ ಕೊಲಾಜನ್‌ನಲ್ಲೇ ಇರೋದು. ಕಲೆ ಆಗೋದು ಕೊಲಾಜನ್‌ನಿಂದ. ಅದು ಜಾಸ್ತಿ ಇದ್ರೆ ಕಲೆ ಜಾಸ್ತಿ."

"ಕೊಲಾಜನ್ ಅಂದ್ರೇನಮ್ಮ?"

"ಚರ್ಮ, ಮೂಳೆ, ಕೀಲು, ಎಲ್ಲಾನೂ ಹಿಡಿದಿಡೋ ವಸ್ತು. ತುಂಬಾ ಹೊತ್ತು ಕುದಿಸಿದ್ರೆ ಅಂಟಂಟಾಗುತ್ತೆ."

"ಕಾಲು ಸೂಪು" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಮೊಟ್ಟೆಯನ್ನೂ ತಿನ್ನದವರಂತೆ. ನಾನು ವಿವರಿಸಿದೆ. ಮರಿಯ ಕಾಲನ್ನು ಸಣ್ಣ ಉರಿಯಲ್ಲಿ ಬೇಯಲು ಬಿಟ್ಟರೆ ಮೂಳೆಯ ಸುತ್ತಲಿನದೆಲ್ಲ ನೀರಿಗೆ ಇಳಿಯುತ್ತದೆ. ಒಂದು ತೊಟ್ಟು ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಬಿಡಿಸಿದರೆ ಬೆರಳು ಅಂಟಬೇಕು. ಕುಡಿದಾಗ ತುಟಿಗೆ ತುಟಿ ಅಂಟಬೇಕು. ಆಗ ಸೂಪು ಬಂತು ಎಂದು ಅರ್ಥ. ಅವಳು ತನ್ನ ಎರಡು ಬೆರಳನ್ನು ಒತ್ತಿ ಬಿಡಿಸಿ ನೋಡಿಕೊಂಡು, "ಹೌದು ಅಂಕಲ್, ಅದೇ" ಎಂದು ನಕ್ಕಳು. ಆ ಅಂಟು ಕಾಲಿನಲ್ಲಿರಬೇಕು, ಲಿವರಿನಲ್ಲಿ ಇಷ್ಟೇ ಇಷ್ಟು ಇರಬೇಕು. ನನ್ನದರಲ್ಲಿ ಹೆಚ್ಚಾಗಿದೆ. ಅಷ್ಟು ದಿನ ದೊಡ್ಡ ದೊಡ್ಡ ಮಾತು ಕೇಳಿದ್ದ ನನಗೆ ನನ್ನ ಕಾಯಿಲೆ ಏನೆಂದು ತಿಳಿದದ್ದು ಆಗಲೇ.

ಒಪ್ಪಿಕೊಳ್ಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿದೆ. "ಅಮ್ಮಾ, ಕುಡುದು ಆದ ಗಾಯ, ಕುಡೀದೆ ಆದ ಗಾಯ, ಇದು ಇಂಥದ್ದು ಅಂತ ಅದ್ರಲ್ಲಿ ಗೊತ್ತಾಗುತ್ತಾ?"

"ಇಲ್ಲ ಅಂಕಲ್. ಇದು ಎಷ್ಟು ಅಂತ ಹೇಳುತ್ತೆ. ಯಾಕೆ ಅಂತ ಹೇಳಲ್ಲ."

"ಸೂಕ್ಷ್ಮದರ್ಶಕದಲ್ಲಿ?"

"ಅದ್ರಲ್ಲೂ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣ್ತವೆ."

ನನ್ನ ಮುಖ ಇಳಿದದ್ದು ಅವಳಿಗೂ ಕಂಡಿರಬೇಕು. ನನ್ನ ಲಿವರೇ ಬಾಯಿ ಬಿಟ್ಟು ಇವನು ಕುಡಿದಿಲ್ಲ ಎಂದು ಹೇಳುತ್ತದೆ, ಆಮೇಲೆ ಯಾರೂ ಮಾತಾಡುವ ಹಾಗಿಲ್ಲ ಎಂದು ನಾನು ಮನಸ್ಸಿನಲ್ಲೇ ಗಂಟು ಕಟ್ಟಿಕೊಂಡಿದ್ದೆ. ಆದರೂ ಚೂರು ಕೊಡಲು ಒಪ್ಪಿದೆ. ತಿರುಗಿ ನೋಡಿದರೆ ಗೌರಮ್ಮ ನೀರಿನ ಬಾಟಲಿ ತುಂಬಿಸಿಕೊಂಡು ಪರದೆಯ ಹತ್ತಿರ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ.

ಸೂಜಿಯ ಬಗ್ಗೆ ಹೆದರುವವರಿಗೆ ಒಂದು ಮಾತು. ಮರಗಟ್ಟಿಸುವ ಮದ್ದು ಚುಚ್ಚುವಾಗ ಉರಿಯುತ್ತದೆ. ಆಮೇಲೆ ಉಸಿರು ಹಿಡಿ ಎನ್ನುತ್ತಾರೆ, ಟಕ್ ಎಂದು ಸದ್ದಾಗುತ್ತದೆ, ಯಾರೋ ಪಕ್ಕೆಗೆ ಗುದ್ದಿದ ಹಾಗೆ ಆಗುತ್ತದೆ, ಮುಗಿಯಿತು. ನನಗೆ ಬಲಭುಜ ನೋಯತೊಡಗಿತು. ಲಿವರಿಗೆ ಚುಚ್ಚಿದರೆ ಭುಜ ಯಾಕೆ ನೋಯುತ್ತದೆ ಎಂದು ಗಾಬರಿಯಾದೆ. ನರ್ಸಮ್ಮ, "ಎಲ್ರಿಗೂ ಹಂಗೇ, ಹೋಗುತ್ತೆ" ಎಂದು ಭುಜದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಅಲ್ಲೇ ನಿಂತರು. ಅವರಿಗೆ ಬೇರೆ ಎಷ್ಟೋ ಕೆಲಸ ಇತ್ತು. ಆ ಕೈಯ ಬಿಸಿ ನನಗೆ ಇನ್ನೂ ನೆನಪಿದೆ. ಬಲಮಗ್ಗುಲಿಗೆ ಅಲುಗಾಡದೆ ಮಲಗಬೇಕಿತ್ತು. ಎದುರಿಗೆ ಸ್ಟೂಲಿನ ಮೇಲೆ ಗೌರಮ್ಮ ಕೂತಿದ್ದಳು. ಬೇರೆ ಕಡೆ ತಿರುಗಲು ಇಬ್ಬರಿಗೂ ಆಗುತ್ತಿರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

ಫಲಿತಾಂಶ ಬರುವ ತನಕ ಮನೆಗೆ ಬಂದವರೆಲ್ಲ ಬುದ್ಧಿ ಹೇಳಿ ಹೋದರು. ನನ್ನ ಭಾವಮೈದ ಒಂದು ಹೆಜ್ಜೆ ಮುಂದೆ ಹೋಗಿ, ಕುಡಿತ ಬಿಡಿಸುವ ಯಾವುದೋ ಪುಡಿ ತಂದು ಅಕ್ಕನ ಕೈಗೆ ಗುಟ್ಟಾಗಿ ಕೊಟ್ಟು ಹೋದ. ಗೌರಮ್ಮ ಅದನ್ನು ನನ್ನ ಮುಂದೆಯೇ ಬಚ್ಚಲಿಗೆ ಸುರಿದು ನೀರು ಹೊಯ್ದಳು. ನನಗೆ ಅದು ಯಾವ ಲೆಕ್ಕಕ್ಕೆ ಎಂದು ತಿಳಿಯಲಿಲ್ಲ.

ಫಲಿತಾಂಶದ ದಿನ ಡಾಕ್ಟರು ಬೇಗ ವಿಷಯಕ್ಕೆ ಬಂದರು. ಮೂರನೆಯ ಹಂತ. ಕೊನೆಯದಲ್ಲ, ಅದರ ಹಿಂದಿನದು. ಲ್ಯಾಬಿನ ಹುಡುಗಿಯ ಅಳತೆ ಚಿಕಿತ್ಸೆಗೆಂದು ಮಾಡಿದ್ದಲ್ಲ, ಆದರೂ ನಾನು ಕೇಳಿದ್ದಕ್ಕೆ ಅವಳೇ ಬಂದು, ನಮ್ಮದೂ ಅದೇ ಮಾತು ಹೇಳುತ್ತಿದೆ ಎಂದಳು. ಅವಳು ಹೇಳಿದ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬರ ಸಂಖ್ಯೆಯ ಪಕ್ಕ ಇನ್ನೊಬ್ಬರು ತಮ್ಮದನ್ನು ಇಟ್ಟು ನೋಡಿ ನಿದ್ದೆಗೆಡುತ್ತಾರೆ. ತೂಕ ಇಳಿಸಿ, ಸಕ್ಕರೆ ಹಿಡಿತಕ್ಕೆ ತನ್ನಿ, ಲಿವರ್ ತನ್ನ ಗಾಯವನ್ನು ತಾನೇ ಸ್ವಲ್ಪ ಸ್ವಲ್ಪ ಕರಗಿಸಿಕೊಳ್ಳಬಹುದು ಎಂದರು ಡಾಕ್ಟರು.

ಗಾಡಿಯಲ್ಲಿ ಹಿಂದಿರುಗುವಾಗ ಗೌರಮ್ಮ ನಲ್ಲೂರಿನ ಹುಣಸೆ ತೋಪಿನ ಹತ್ತಿರ ನಿಲ್ಲಿಸಿ ಎಂದಳು. ಒಂದು ದಪ್ಪ ಬೊಡ್ಡೆಯ ನೆರಳಿಗೆ ಕೂತೆವು. ಅವಳು ಬುತ್ತಿ ಬಿಚ್ಚಲಿಲ್ಲ. ಜೀವ ಉಳಿಯುತ್ತದೆ ಎಂದು ಗೊತ್ತಾದ ಮೇಲೆ ನನಗೂ ಧೈರ್ಯ ಬಂದಿತ್ತು.

"ಆವತ್ತು ಡಾಕ್ಟ್ರು ಕೇಳ್ದಾಗ ಯಾಕೆ ಸುಮ್ನಿದ್ಬಿಟ್ಟೆ ಗೌರಿ?"

"ಏನಂತ ಹೇಳ್ಲಿ? ಕುಡೀತಾರೆ ಅಂದ್ರೆ ನಿಮ್ ಮರ್ಯಾದೆ ಹೋಗುತ್ತೆ. ಇಲ್ಲ ಅಂದ್ಬಿಟ್ರೆ ಔಷಧಿ ತಪ್ಪು ಕೊಡ್ತಾರೆ. ಅದುಕ್ಕೇ ಸುಮ್ನಿದ್ದೆ."

"ಹಂಗಾದ್ರೆ ಕುಡೀತೀನಿ ಅಂತ್ಲೇ ಅಂದ್ಕೊಂಡಿದ್ದೆ."

"ಮದ್ವೆ ಆದಾಗಿಂದ. ನಿಮ್ ಬಟ್ಟೆ ಒಗೆಯೋಳು ನಾನು. ವಾಸ್ನೆ ನಂಗ್ ಗೊತ್ತಾಗಲ್ವಾ?" ಸ್ವಲ್ಪ ಹೊತ್ತು ಹುಣಸೆ ಎಲೆ ಆರಿಸುತ್ತ ಕೂತಳು. "ಕುಡುದ್ರೂ ಒಂದಿನ ತೂರಾಡ್ಕೊಂಡ್ ಬರ್ಲಿಲ್ಲ, ನನ್ ಮೇಲೆ ಕೈಯೆತ್ತಲಿಲ್ಲ, ದನಿ ಎತ್ತಲಿಲ್ಲ. ಪಕ್ಕದ್ ಮನೇಲಿ ನಡಿಯೋದೆಲ್ಲ ನೋಡ್ತಿದ್ನಲ್ಲ. ದೇವ್ರು ನಂಗೆ ಒಳ್ಳೇ ಕುಡುಕನ್ನ ಕೊಟ್ಟವ್ನೆ ಅಂತ ನೆಮ್ಮದಿಯಾಗಿದ್ದೆ."

ಬೆಂಕಿಗೆ ಚಿಮುಕಿಸಿದ್ದರ, ಕುಡಿದ ಕೈಯಾಳುಗಳ ವಾಸನೆ ನನ್ನ ಬಟ್ಟೆಗೆ ಹತ್ತಿರುತ್ತಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲು ನಗು ಬಂತು. ಸೂಜಿ ಹಾಕಿದ ಜಾಗ ಹಿಡಿದುಕೊಂಡು ನಕ್ಕೆ. ಅಡುಗೆ ಮುಗಿಸಿ ಮನೆಗೆ ಬಂದಾಗೆಲ್ಲ ಅವಳು ಬಾಗಿಲಲ್ಲೇ ತಡೆದು, ಮೊದಲು ಸ್ನಾನ ಮಾಡಿ ಎಂದು ಬಿಸಿನೀರು ತೋಡಿಕೊಡುತ್ತಿದ್ದಳು. ಬಾಡಿನ ಜಿಡ್ಡಿಗೆ ಎಂದುಕೊಂಡಿದ್ದೆ ನಾನು. ನನ್ನ ಕುಡಿತ ಇಳಿಯಲಿ ಎಂದು ಸುರಿಯುತ್ತಿದ್ದಳಂತೆ. ಇಷ್ಟು ವರ್ಷ ನಾನು ಮಾಡದ ತಪ್ಪನ್ನು ಅವಳು ಮನ್ನಿಸುತ್ತಲೇ ಬಂದಿದ್ದಳು, ನನಗೆ ಅದರ ಸುಳಿವೂ ಇರಲಿಲ್ಲ. ಆಮೇಲೆ ಅಳು ಬಂತು.

"ಈಗ?" ಎಂದೆ.

"ಆ ಹುಡ್ಗಿ ಹತ್ರ ಕೇಳುದ್ರಲ್ಲ, ಕುಡೀದೆ ಆದ ಗಾಯ ಅಂತ ಗೊತ್ತಾಗುತ್ತಾ ಅಂತ. ಗೊತ್ತಾಗಲ್ಲ ಅಂದಾಗ ನಿಮ್ಮ ಮುಖ ನೋಡ್ದೆ. ಕುಡಿಯೋನು ಆಗಿದ್ರೆ, ಸದ್ಯ ಸಿಕ್ಕಾಕ್ಕೊಳಲ್ಲ ಅಂತ ಖುಷಿಪಡ್ತಿದ್ದ" ಎಂದು ಹೇಳಿ ಬುತ್ತಿ ಬಿಚ್ಚಿದಳು.

ಮುಂದಿನ ದಿನಗಳಲ್ಲಿ ಮುದ್ದೆ ಚಿಕ್ಕದಾಯಿತು, ಅನ್ನ ಕಮ್ಮಿಯಾಯಿತು, ಬೆಳಿಗ್ಗೆ ಕೆರೆ ಏರಿಯ ಮೇಲೆ ನಡಿಗೆ ಶುರುವಾಯಿತು. ಆದರೂ ತೂಕ ಜಗ್ಗಲಿಲ್ಲ. ಡಾಕ್ಟರು ಏನೇನು ತಿನ್ನುತ್ತೀರಿ ಎಂದು ಕೇಳಿದರು, ಪ್ರಾಮಾಣಿಕವಾಗಿ ಹೇಳಿದೆ. ಗೌರಮ್ಮ ನಡುವೆ ಬಾಯಿ ಹಾಕಿದಳು. "ರುಚಿ ನೋಡೋದು ಹೇಳ್ಲೇ ಇಲ್ವಲ್ಲ."

ರುಚಿ ನೋಡಿದ್ದನ್ನು ಊಟದ ಲೆಕ್ಕಕ್ಕೆ ಸೇರಿಸುವ ಅಡುಗೆಯವನು ಎಲ್ಲೂ ಇಲ್ಲ. ಸಾರು ಕುದಿ ಬಂದಾಗ ಒಂದು ಸೌಟು, ಖಾರ ಬಿದ್ದ ಮೇಲೆ ಒಂದು, ಇಳಿಸುವಾಗ ಒಂದು. ಪ್ರತಿ ಹಂಡೆಗೂ ಹೀಗೇ, ಮೇಲೆ ತೇಲುವ ಜಿಡ್ಡಿನ ಸಮೇತ. ಊಟಕ್ಕೆ ಕೂರುವ ಹೊತ್ತಿಗೆ ಹಸಿವೇ ಇರುತ್ತಿರಲಿಲ್ಲ, ಆದ್ದರಿಂದ ನಾನು ಕಡಿಮೆ ತಿನ್ನುವವನು ಎಂದೇ ನಂಬಿದ್ದೆ. ಹಾಗಾದರೆ ಕೆಲಸ ಬಿಡಬೇಕೇ ಎಂದು ಕೇಳಿದೆ. ಗೌರಮ್ಮ, "ನಾಲ್ಗೆ ನಂಗೂ ಐತೆ, ನಾನೂ ಬರ್ತೀನಿ" ಎಂದಳು. ಆವತ್ತಿನಿಂದ ನನ್ನ ಒಲೆಯ ಪಕ್ಕ ಒಂದು ಗಿಡ್ಡ ಮಣೆ ಅವಳದು.

ತೂಕ ಇಳಿಯಿತು. ಮುಂದಿನ ಸಲ ಆ ತಟ್ಟುವ ಯಂತ್ರಕ್ಕೆ ನನ್ನ ಲಿವರ್ ಸಿಕ್ಕಿತು, ಗಟ್ಟಿತನ ಕಡಿಮೆಯಾಗುತ್ತಿದೆ ಎಂದರು. ಕಲೆ ಪೂರ್ತಿ ಹೋಗಿಲ್ಲ, ಹೋಗದೆಯೂ ಇರಬಹುದು. ಅದರ ಜೊತೆ ಬದುಕುತ್ತಿದ್ದೇನೆ. ಅವತ್ತು ಸಾಲಿನಲ್ಲಿ ರಂಗಸ್ವಾಮಿ ಇರಲಿಲ್ಲ. ಫೋನ್ ಮಾಡಿದರೆ ಅವನ ತಮ್ಮ ಎತ್ತಿದ, ಅಣ್ಣ ತೀರಿಕೊಂಡ ವಿಷಯ ಹೇಳಿದ. ನಾನು ಕುರ್ಚಿಯಲ್ಲಿ ಕೂತು ಪಕ್ಕದ ಕುರ್ಚಿಯ ಮೇಲೆ ನನ್ನ ಟವಲು ಹಾಕಿದೆ. ಯಾರೋ ಬಂದು ಜಾಗ ಇದೆಯಾ ಎಂದು ಕೇಳುವ ತನಕ ಅದು ಹಾಗೇ ಇತ್ತು.

ಮೊನ್ನೆ ಹೊಸಕೋಟೆ ಕಡೆ ಒಂದು ದೊಡ್ಡ ಬೀಗರೂಟ. ಒಲೆ ಹಚ್ಚುವ ಹೊತ್ತಿಗೆ ಯಜಮಾನರು ನೆಂಟರ ಗುಂಪಿನ ಸಮೇತ ಬಂದು, ಎಲೆ ಅಡಿಕೆ ಕೊಟ್ಟು, ಬಾಟಲಿ ಮುಂದೆ ಹಿಡಿದರು. ಪದ್ಧತಿಯಂತೆ ನನ್ನ ಕೈ ಮುಂದೆ ಹೋಯಿತು. ಅದು ಬಾಟಲಿ ಮುಟ್ಟುವ ಮೊದಲೇ ಗೌರಮ್ಮ ಮಣೆಯಿಂದ ಎದ್ದು ನಿಂತಳು.

"ನಮ್ಮೆಜಮಾನ್ರು ಕುಡಿಯಲ್ಲ ಕಣಣ್ಣ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಯಾವತ್ತೂ ಕುಡುದಿಲ್ಲ. ಬೇಜಾರ್ ಮಾಡ್ಕೊಬೇಡಿ, ಕೆಲ್ಸದೋರಿಗೆ ಕೊಡಿ."

ಈರುಳ್ಳಿ ಹೆಚ್ಚುತ್ತಿದ್ದ ಕೈಗಳು ನಿಂತವು. ಯಜಮಾನರು ಅವಳ ಮುಖ ನೋಡಿ, ನನ್ನ ಮುಖ ನೋಡಿ, ಬಾಟಲಿಯನ್ನು ಕೈಯಾಳಿನ ಕಡೆ ದಾಟಿಸಿದರು. ಯಾರೂ ನಗಲಿಲ್ಲ. ಅವಳು ಏನೂ ಆಗದವಳಂತೆ ಮಣೆಯ ಮೇಲೆ ಕೂತಳು.

ಸಾರು ಕುದಿ ಬಂದಾಗ ಸೌಟಿನಿಂದ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿ ನೋಡಿದಳು. "ಉಪ್ಪು ಇನ್ನೊಂಚೂರ್ ಬೇಕು" ಎಂದಳು. ನಾನು ರುಚಿ ನೋಡದೆ ಒಂದು ಹಿಡಿ ಉಪ್ಪು ಹಾಕಿದೆ.